ಡೆಲ್ಬರ್ಟನ ಹೊಸ ಸ್ಪ್ರಿಂಗುಗಳು

ಶನಿವಾರ ಮಧ್ಯಾಹ್ನದ ಹೊತ್ತಿಗೆ ರೋಂಡಾಗೆ ಸಾಕುಸಾಕಾಗಿ ಹೋಗಿತ್ತು. ಗಂಡ ಡೆಲ್ಬರ್ಟ್ ಬೆಳಿಗ್ಗೆಯಿಂದ ಗ್ಯಾರೇಜಿನಲ್ಲಿ ತನ್ನ ನಾಲ್ಕು ಚಕ್ರದ ಕ್ವಾಡ್ ಬೈಕು ಹತ್ತುವುದು, ಇಳಿಯುವುದು, ಬೈಯುವುದು, ಮತ್ತೆ ಹತ್ತುವುದು. ಹತ್ತಿದಾಗಲೆಲ್ಲ ಅವಳು ಮೊಣಕಾಲೂರಿ ಕೂತು, ನೆಲದಿಂದ ಬೈಕಿನ ಹೊಟ್ಟೆ ಎಷ್ಟು ಎತ್ತರದಲ್ಲಿದೆ ಎಂದು ಟೇಪು ಹಿಡಿದು ಹೇಳಬೇಕು. ರೇಸಿನವರ ಕ್ರಮವೇ ಅದು. ಸವಾರ ಹೆಲ್ಮೆಟ್, ಬೂಟು, ಎದೆಕವಚ ಎಲ್ಲ ತೊಟ್ಟು ಕೂರಬೇಕು, ಇನ್ನೊಬ್ಬರು ಅಳೆಯಬೇಕು. ಆ ಇನ್ನೊಬ್ಬರು ಯಾರೆಂದು ಮದುವೆಯ ದಿನವೇ ಯಾರಾದರೂ ಹೇಳಿದ್ದರೆ ಚೆನ್ನಾಗಿತ್ತು.

"ಈಗ ಎಷ್ಟು?" ಡೆಲ್ಬರ್ಟ್ ಕೇಳಿದ.

"ಆಗಿನಷ್ಟೇ. ನೀನು ಕೂತ್ರೆ ಅದೂ ಕೂತ್ಬಿಡುತ್ತೆ, ಮೊಟ್ಟೆಗೆ ಕಾವು ಕೊಡೋ ಕೋಳಿ ಥರ."

ಬೈಕು ನೋಡಲು ಮಾತ್ರ ಚೆಂದವಾಗಿತ್ತು. ಮುಂದೆ ಚಕ್ರ ಹಿಡಿಯುವ ಉದ್ದನೆಯ ಆರ್ಮ್‌ಗಳು, ಹಿಂದೆ ಅಗಲದ ಆಕ್ಸಲ್. ಚಕ್ರಗಳು ಎರಡೂ ಕಡೆ ಆಚೆ ಸರಿದು, ಪೈಲ್ವಾನ ಕಾಲು ಅಗಲಿಸಿ ನಿಂತ ಹಾಗೆ ಬೈಕು ನಿಂತಿತ್ತು. ನಾಳೆ ಹಳೇ ಕಲ್ಲಿದ್ದಲು ಗಣಿಯ ಗುಡ್ಡದಲ್ಲಿ ಐವತ್ತು ದಾಟಿದವರ ರೇಸು. ತಿರುವಿನಲ್ಲಿ ಮಗುಚಬಾರದು ಎಂದೇ ಇಷ್ಟೆಲ್ಲ ಅಗಲ ಮಾಡಿಸಿದ್ದು. ಆದರೆ ಬೆಳಿಗ್ಗೆ ಹಿತ್ತಲ ದಿಬ್ಬದಿಂದ ಒಂದು ಸಲ ಹಾರಿಸಿದ್ದಕ್ಕೇ ಬೈಕಿನ ಹೊಟ್ಟೆ ನೆಲಕ್ಕೆ ಧಡ್ ಎಂದು ಬಡಿದು, ಡೆಲ್ಬರ್ಟನ ಹಲ್ಲು ಕಟಕಟ ಎಂದಿತ್ತು.

"ನಿಮ್ಮಣ್ಣ ನನಗೆ ಕಸ ಕಟ್ಟಿಕೊಟ್ಟಿದ್ದಾನೆ" ಎಂದ ಡೆಲ್ಬರ್ಟ್. "ಸ್ಪ್ರಿಂಗೇ ಸರಿಯಿಲ್ಲ. ಇದನ್ನ ಇಡೀ ವೆಸ್ಟ್ ವರ್ಜೀನಿಯಾಕ್ಕೆ ಗೊತ್ತು ಮಾಡ್ತೀನಿ ನೋಡು."

ರೋಂಡಾಳ ಅಣ್ಣ ಗಾರ್ಲೆಂಡ್ ಈ ಸೀಮೆಯಲ್ಲಿ ಬೈಕಿಗೆ ಸ್ಪ್ರಿಂಗು, ಶಾಕ್ ಅಬ್ಸಾರ್ಬರ್ ಕಟ್ಟುವುದರಲ್ಲಿ ಎತ್ತಿದ ಕೈ. ಅವಳಿಗೆ ತವರು ಅಂತ ಉಳಿದಿರುವುದು ಅವನೊಬ್ಬನೇ. ಹಿಂದೊಮ್ಮೆ ಒಂದು ದರಿದ್ರ ಕಾರ್ಬ್ಯುರೇಟರಿನ ವಿಷಯಕ್ಕೆ ಇವರಿಬ್ಬರೂ ಎರಡು ವರ್ಷ ಮಾತು ಬಿಟ್ಟಿದ್ದರು. ಆ ಎರಡೂ ವರ್ಷ ಥ್ಯಾಂಕ್ಸ್‌ಗಿವಿಂಗ್ ಹಬ್ಬದ ದಿನ ಅವಳೊಬ್ಬಳೇ ಇಲ್ಲಿ ಒಂದು ಟರ್ಕಿ ಕೋಳಿಯೂಟ, ಅಲ್ಲಿ ಒಂದು ಟರ್ಕಿ ಕೋಳಿಯೂಟ ಉಂಡು, ಇಬ್ಬರ ದೂರೂ ಕೇಳಿ, ದಾರಿಯಲ್ಲಿ ಕಾರು ನಿಲ್ಲಿಸಿ ಅತ್ತಿದ್ದಳು. ಇನ್ನೊಂದು ಸಲ ಅದು ಅವಳ ಕೈಲಾಗದು.

ಡೆಲ್ಬರ್ಟ್ ಆಗಲೇ ರೇಸಿನವರ ಗುಂಪಿಗೆ ಹಾಕಲು ಫೋನಿನಲ್ಲಿ ಉದ್ದಕ್ಕೆ ಬರೆಯುತ್ತಿದ್ದ. ಅವಳು ಫೋನು ಕಿತ್ತುಕೊಂಡಳು.

"ಸ್ಪ್ರಿಂಗು ಕಟ್ಟೋಕೆ ಮುಂಚೆ ಅಣ್ಣ ನಿನ್ನ ಏನು ಕೇಳಿದ?"

"ಏನೋ ಕೇಳಿದ. ತೂಕ ಎಷ್ಟು ಅಂತ."

"ನೀನೇನಂದೆ?"

ಡೆಲ್ಬರ್ಟ್ ಹೆಲ್ಮೆಟ್ ಸರಿಮಾಡಿಕೊಂಡ. "ನೂರ ಎಂಬತ್ತೈದು ಪೌಂಡ್."

"ಯಾವ ಕಾಲದಲ್ಲಿ ಮಾರಾಯಾ? ಬಿಸ್ಕೆಟ್ ಬನ್ನು, ಮಾಂಸದ ಗ್ರೇವಿ ಎರಡೆರಡು ಸಲ ಹಾಕ್ಕೊಳ್ಳೋನು ನೀನು!"

"ನಂದು ದಪ್ಪ ಮೂಳೆ. ನಿನ್ನ ಬಚ್ಚಲುಮನೆ ತೂಕದ ಯಂತ್ರ ಸುಳ್ಳು ಹೇಳುತ್ತೆ. ನಾನು ಅದರ ಮೇಲೆ ನಿಲ್ಲಲ್ಲ."

"ಸರಿ. ಜಿಂಕೆ ತೂಗೋ ತಕ್ಕಡಿ ಸುಳ್ಳು ಹೇಳುತ್ತಾ?"

ಡೆಲ್ಬರ್ಟ್ ತಲೆಯೆತ್ತಿ ಮೇಲೆ ನೋಡಿದ. ತೊಲೆಯ ಚೈನ್ ಪುಲ್ಲಿಗೆ ತೂಗುಹಾಕಿದ್ದ ಆ ಕೊಕ್ಕೆ ತಕ್ಕಡಿಯ ಮೇಲೆ ಆಣೆ ಇಟ್ಟು, ತಾನು ಬೇಟೆಯಾಡಿದ ಜಿಂಕೆಗಳ ತೂಕವನ್ನು ಊರೆಲ್ಲ ಸಾರಿದವನು ಅವನೇ. ಈಗ ಅದು ಸುಳ್ಳು ಎಂದರೆ ಅಷ್ಟೂ ಜಿಂಕೆಗಳು ಬಡಕಲಾಗಿಬಿಡುತ್ತವೆ.

ಬೇಟೆಗೆ ಮರದ ಮೇಲೆ ಕಾದು ಕೂರುವಾಗ ಬೀಳದಂತೆ ಕಟ್ಟಿಕೊಳ್ಳುವ ಪಟ್ಟಿಯನ್ನು ಅವಳೇ ತಂದು, ಎದೆಕವಚದ ಮೇಲೆ ಬಿಗಿದು, ಬೆನ್ನ ಹಿಂದೆ ಕೊಕ್ಕೆ ಸಿಕ್ಕಿಸಿ ಸರಪಳಿ ಎಳೆದಳು. ಬೂಟು ನೆಲ ಬಿಟ್ಟಿತು. ಡೆಲ್ಬರ್ಟ್ ಸಿಟ್ಟಿನಿಂದ ಮೆಲ್ಲಗೆ ಒಂದು ಸುತ್ತು ತಿರುಗಿದ.

"ಇನ್ನೂರ ಅರವತ್ತೆರಡು" ಎಂದು ಓದಿದಳು ರೋಂಡಾ.

"ಬೂಟಿಂದು ಕಳಿ."

"ಬೂಟಲ್ಲಿ ಏನು, ಹಂದಿ ಇಟ್ಕೊಂಡಿದ್ದೀಯಾ?"

ಇಳಿಸಲಿಲ್ಲ ಅವಳು. ಅಣ್ಣನಿಗೆ ಫೋನು ಹಚ್ಚಿ ಗಂಡನ ಮುಖದ ಮುಂದೆ ಹಿಡಿದಳು. "ಹೇಳು. ನೀನೇ ಹೇಳು. ನಾನು ಹೇಳಲ್ಲ."

"ಭಾವ..." ಎಂದ ಡೆಲ್ಬರ್ಟ್. "ಸ್ಪ್ರಿಂಗು ಮೆತ್ತಗಾಯ್ತು."

"ಆಗೋ ಹಾಗೇ ಇಲ್ಲ" ಗಾರ್ಲೆಂಡನ ದನಿ ಸೆಟೆಯಿತು. "ನೂರ ಎಂಬತ್ತೈದು ಅಂದೆ. ಗಂಡಸರು ತೂಕದಲ್ಲಿ ಸುಳ್ಳು ಹೇಳ್ತಾರೇಂತ ನಾನು ಯಾವಾಗ್ಲೂ ಮೂವತ್ತು ಸೇರಿಸೇ ಕಟ್ಟೋದು. ನನ್ನ ಕೆಲಸಕ್ಕೆ ಹೆಸರಿಡ್ತೀಯಾ?"

ಕಾರ್ಬ್ಯುರೇಟರ್ ಜಗಳ ಶುರುವಾಗಿದ್ದೂ ಇದೇ ದನಿಯಲ್ಲಿ.

"ಇನ್ನೂರ ಅರವತ್ತೆರಡು" ಎಂದ ಡೆಲ್ಬರ್ಟ್ ಕೊನೆಗೆ, ತೂಗಾಡುತ್ತಲೇ. "ತಪ್ಪು ನಂದು. ನಿನ್ನ ಹೆಸರು ಕೆಡಿಸೋಕೆ ಹೊರಟಿದ್ದೆ. ನೂರ ಎಂಬತ್ತೈದು ತೂಗ್ತಿದ್ದ ಕಾಲದಲ್ಲಿ ನಾನು ಗೆಲ್ತಿದ್ದೆ ಭಾವ. ಬೇರೆ ನಂಬರು ಬಾಯಿಗೆ ಬರಲಿಲ್ಲ."

ರೋಂಡಾಗೆ ಗಂಡನ ಮೇಲೆ ಮರುಕ ಬಂತು. ಮರುಕ ಬಂದಿದ್ದಕ್ಕೆ ತನ್ನ ಮೇಲೇ ಸಿಟ್ಟೂ ಬಂತು.

"ನಂದೂ ಹಾಗೇ ಕಣೋ" ಎಂದ ಗಾರ್ಲೆಂಡ್ ಸಣ್ಣ ದನಿಯಲ್ಲಿ. "ನನ್ನ ಬೈಕಿಗೆ ನಾನೇ ಹಳೇ ತೂಕಕ್ಕೆ ಕಟ್ಕೊಂಡಿದ್ದೀನಿ. ವರ್ಷದಿಂದ ಸೊಂಟ ಹಿಡ್ಕೊಂಡಿದೆ. ಯಾರಿಗೂ ಹೇಳಬೇಡ. ಇರು, ಗಟ್ಟಿ ಸ್ಪ್ರಿಂಗು ತಗೊಂಡು ಈಗಲೇ ಬರ್ತೀನಿ."

ರೋಂಡಾ ಫೋನನ್ನು ತನ್ನ ಬಾಯಿಗೆ ತಿರುಗಿಸಿಕೊಂಡಳು.

"ಎರಡು ಜೊತೆ ತಗೊಂಡು ಬಾ ಅಣ್ಣ" ಎಂದಳು. "ಬಂದವನೇ ನೀನೂ ಕೊಕ್ಕೆ ಹತ್ತು."