ರಸ್ ಗುಂಥರನ ಸಹಿ

"ಹೊರಟು ಹೋದ" ಎಂದಳು ರಸ್‌ನ ಸಹಾಯಕಿ ಡಾರ್ಲಾ, ತಲೆಯೆತ್ತದೆ. "ಹನ್ನೊಂದಕ್ಕೇ. ಶುಕ್ರವಾರ ಅಲ್ವಾ, ಲೇಕಿಗೆ."

"ಫೋನ್ ಮಾಡಿದ್ರೆ?"

"ದೋಣೀಲಿದ್ರೆ ಎತ್ತಲ್ಲ. ಮೀನು ಓಡಿಹೋಗುತ್ತಂತೆ."

ವರ್ಲಿನ್ ಜಾಸ್ಟ್ರೋ ಕೈಯಲ್ಲಿದ್ದ ಪತ್ರವನ್ನು ನಾಲ್ಕನೇ ಸಲ ಓದಿದ. ಜರ್ಮನಿಯ ತೆರಿಗೆ ಕಚೇರಿಯ ಪತ್ರ. ಮಾರ್ಚಿನಲ್ಲಿ ಕಳಿಸಿದ ಮರುಪಾವತಿ ಅರ್ಜಿಯ ಮೇಲಿನ ಸಹಿಯು ಹಿಂದಿನ ಹತ್ತು ವರ್ಷಗಳ ಅರ್ಜಿಗಳ ಮೇಲಿರುವ ಶ್ರೀ ರಸ್ಸೆಲ್ ಗುಂಥರ್ ಅವರ ಸಹಿಗೆ ಹೊಂದುತ್ತಿಲ್ಲ. ಆದಕಾರಣ ಶ್ರೀಯುತರು ನೋಟರಿಯ ಎದುರು ಸ್ವಹಸ್ತದಿಂದ ಮೂರು ಸಲ ಸಹಿ ಮಾಡಿ, ಕಾಗದವನ್ನು ಜೂನ್ ಮೂವತ್ತರೊಳಗೆ ತಲುಪಿಸತಕ್ಕದ್ದು. ತಪ್ಪಿದಲ್ಲಿ ಅರ್ಜಿ ವಜಾ.

ಮೂವತ್ತು ಮಂಗಳವಾರ. ಇವತ್ತಿನ ಕೊರಿಯರ್ ತಪ್ಪಿದರೆ ಮುಗಿಯಿತು. ಪತ್ರ ಬಂದು ಎರಡು ವಾರವಾಗಿತ್ತು. ಜರ್ಮನ್ ಭಾಷೆಯಲ್ಲಿದೆ ಎಂಬ ಕಾರಣಕ್ಕೆ ಯಾರೋ ಅದನ್ನು ಜಾಹೀರಾತು ಎಂದುಕೊಂಡು ಮಾರಾಟ ವಿಭಾಗದ ಟ್ರೇಗೆ ಹಾಕಿದ್ದರು. ಅದು ವರ್ಲಿನ್‌ನ ಕೈಗೆ ಸಿಕ್ಕಿದ್ದು ಇವತ್ತು ಬೆಳಿಗ್ಗೆ. ವಿಸ್ಕಾನ್ಸಿನ್ನಿನ ಈ ಊರಿನಲ್ಲಿ ಮುಕ್ಕಾಲು ಪಾಲು ಜನರ ಮನೆತನದ ಹೆಸರು ಜರ್ಮನ್ನೇ. ಭಾಷೆ ಮಾತ್ರ ಒಬ್ಬರಿಗೂ ಬರುವುದಿಲ್ಲ. ವರ್ಲಿನ್‌ಗೆ ಕಚೇರಿಯ ಜರ್ಮನ್ ಬರುತ್ತಿತ್ತು. 'ತಿರಸ್ಕರಿಸಲಾಗಿದೆ' ಎನ್ನುವುದು ಗೊತ್ತು, 'ಹಸಿವಾಗಿದೆ' ಎನ್ನುವುದು ಗೊತ್ತಿಲ್ಲ.

ಹತ್ತೊಂಬತ್ತು ವರ್ಷದಿಂದ ಅವನ ಕೆಲಸ ಇದೊಂದೇ. ಕಂಪನಿ ಡೇರಿಗಳಿಗೆ ವಾಲ್ವ್ ಮಾಡುತ್ತದೆ. ಅದನ್ನು ಮಾರಲು ಹುಡುಗರು ಹ್ಯಾನೋವರ್, ಮಿಲಾನ್, ಲಿಯೋನ್ ಅಂತ ಸುತ್ತುತ್ತಾರೆ. ಹೋಟೆಲಿಗೆ, ಊಟಕ್ಕೆ, ಮೇಳದ ಮಳಿಗೆಗೆ, ಬಾಡಿಗೆ ಕುರ್ಚಿಗೆ, ಎಲ್ಲಕ್ಕೂ ಅಲ್ಲಿಯ ಸರ್ಕಾರಗಳು ವ್ಯಾಟ್ ಹಾಕುತ್ತವೆ. ಹೊರದೇಶದ ಕಂಪನಿ ಕೇಳಿಕೊಂಡರೆ ಅದನ್ನು ವಾಪಸು ಕೊಡುತ್ತವೆ. ಕೇಳುವ ಹಾಗೆ ಕೇಳಬೇಕು, ಅಷ್ಟೆ. ಅಸಲು ಬಿಲ್ಲು ಬೇಕು, ಬಿಲ್ಲಿನಲ್ಲಿ ಕಂಪನಿಯ ಪೂರ್ತಿ ಹೆಸರು ಬೇಕು, ಅಮೆರಿಕದ ತೆರಿಗೆ ಇಲಾಖೆಯ ಪ್ರಮಾಣಪತ್ರ ಬೇಕು, ಅರ್ಜಿಯ ಮೇಲೆ ಅಧಿಕಾರಿಯ ಕೈಬರಹದ ಸಹಿ ಬೇಕು. ಹುಡುಗರು ಅಸಲು ಬಿಲ್ಲನ್ನು ಹೋಟೆಲಿನ ಕಸದ ಬುಟ್ಟಿಗೆ ಹಾಕಿ, ಕಾರ್ಡಿನ ಚೀಟಿ ತಂದುಕೊಟ್ಟು, "ಎಲ್ಲಾ ಒಂದೇ ಅಲ್ವಾ?" ಎನ್ನುತ್ತಾರೆ. ಹತ್ತೊಂಬತ್ತು ವರ್ಷ ಅವನು "ಒಂದೇ ಅಲ್ಲ" ಎಂದು ಹೇಳಿಕೊಂಡು ಬಂದಿದ್ದ. ಅವನು ಒಂದು ಸಲವೂ ಸಮುದ್ರ ದಾಟಿರಲಿಲ್ಲ.

ಸಹಿಯ ಕಥೆ ಹೀಗೆ. ಹನ್ನೊಂದು ವರ್ಷದ ಹಿಂದೆ ರಸ್ ಗುಂಥರ್ ಹಣಕಾಸಿನ ಮುಖ್ಯಸ್ಥನಾಗಿ ಬಂದಾಗ ವರ್ಲಿನ್ ಅರ್ಜಿ ಹಿಡಿದು ಮೂರು ದಿನ ಅವನ ಹಿಂದೆ ತಿರುಗಿದ. ಮೂರನೇ ದಿನ ಪಾರ್ಕಿಂಗ್‌ನಲ್ಲಿ ರಸ್ ಕಾರಿನ ಗಾಜು ಅರ್ಧ ಇಳಿಸಿ, "ನೀನೇ ಗೀಚಿಬಿಡೋ, ಜರ್ಮನಿಯವರು ನನ್ ಮುಖ ನೋಡಿದಾರಾ?" ಎಂದು ಗಾಜು ಏರಿಸಿಕೊಂಡ. ವರ್ಲಿನ್ ಗೀಚಿದ. ರಸ್‌ನ ಸಹಿ ಹೇಗಿರುತ್ತದೆಂದು ಅವನಿಗೆ ಗೊತ್ತಿರಲಿಲ್ಲ. ಸಿಸ್ಟರುಗಳ ಶಾಲೆಯಲ್ಲಿ ಕಲಿತ ತನ್ನ ದುಂಡು ಬರಹದಲ್ಲಿ, ಒಂದೊಂದು ಅಕ್ಷರವೂ ಕಾಣುವಂತೆ ಬರೆದ. ಅಂದಿನಿಂದ ಜರ್ಮನಿಯ ಪಾಲಿಗೆ ಅದೇ ರಸ್ ಗುಂಥರ್.

ಕಳೆದ ಫೆಬ್ರವರಿಯಲ್ಲಿ ಮನೆ ಮುಂದಿನ ಹಿಮ ಬಾಚುವಾಗ ಜಾರಿಬಿದ್ದು ವರ್ಲಿನ್‌ನ ಮಣಿಕಟ್ಟು ಉಳುಕಿತ್ತು. ಆ ನೋವಿನಲ್ಲೇ ಮಾರ್ಚಿನ ಅರ್ಜಿಗೆ ಹಾಕಿದ ಸಹಿ ಸೊಟ್ಟಗಾಯಿತು. ಅದನ್ನು ನೋಡಿ ಅವರು ಇದು ಗುಂಥರ್ ಅವರದ್ದಲ್ಲ ಎಂದುಬಿಟ್ಟರು. ಒಂದೂ ಗುಂಥರ್‌ದಲ್ಲ ಎಂದು ಅವರಿಗೆ ಹೇಗೆ ಗೊತ್ತಾಗಬೇಕು. ವರ್ಲಿನ್‌ಗೆ ಭಯವಾಯಿತು. ಭಯಕ್ಕಿಂತ ಹೆಚ್ಚಾಗಿ ಅವಮಾನವಾಯಿತು.

ಫೈಲಿನಲ್ಲಿ ಇನ್ನೊಂದು ಹಾಳೆಯಿತ್ತು. ಅದನ್ನು ಬೆಳಿಗ್ಗೆ ಅವನೇ ಟೈಪು ಮಾಡಿದ್ದ. 'ಇನ್ನು ಮುಂದೆ ಕಂಪನಿಯ ಪರವಾಗಿ ಎಲ್ಲ ವ್ಯಾಟ್ ಅರ್ಜಿಗಳಿಗೆ ಶ್ರೀ ವರ್ಲಿನ್ ಜಾಸ್ಟ್ರೋ ಅವರು ತಮ್ಮ ಹೆಸರಿನಲ್ಲೇ ಸಹಿ ಮಾಡತಕ್ಕದ್ದು.' ಕೆಳಗೆ ರಸ್‌ನ ಸಹಿಗೆ ಜಾಗ. ಈ ಕೆಲಸವನ್ನೆಲ್ಲ ಶಿಕಾಗೋದ ಒಬ್ಬ ಏಜೆಂಟನಿಗೆ ವಹಿಸುತ್ತಾರೆ ಎಂಬ ಸುದ್ದಿ ಚಳಿಗಾಲದಿಂದಲೂ ಓಡಾಡುತ್ತಿತ್ತು. ಐವತ್ತೆಂಟರಲ್ಲಿ ಅವನಿಗೆ ಬೇರೆ ಯಾರು ಕೆಲಸ ಕೊಡುತ್ತಾರೆ? ಹೆಸರು ಕಾಗದದ ಮೇಲೆ ಬಂದುಬಿಟ್ಟರೆ ಸುಲಭಕ್ಕೆ ಕಿತ್ತುಹಾಕಲಾರರು ಎಂದು ಅವನ ಎಣಿಕೆ. ಇದೊಂದು ಹಾಳೆಗೆ ರಸ್ ಸಹಿ ಹಾಕಿದರೆ ಸಾಕಿತ್ತು.

"ನಾನು ಹೋಗ್ಬರ್ತೀನಿ" ಎಂದ.

"ಮೀನು ಸಿಕ್ರೆ ತಗೊಂಬಾ" ಎಂದಳು ಡಾರ್ಲಾ.

ರಸ್ ಇನ್ನೂ ದಡದಲ್ಲೇ ಇದ್ದ. ದೋಣಿಯ ಮೋಟಾರು ಹತ್ತದೆ ಅದರ ಹೊಟ್ಟೆಯೊಳಗೆ ಕೈಹಾಕಿ ಬಯ್ಯುತ್ತಿದ್ದ. ವರ್ಲಿನ್‌ಗಿಂತ ಹತ್ತು ವರ್ಷ ಚಿಕ್ಕವನು. ಈ ಊರಿನಲ್ಲಿ ಯಜಮಾನನನ್ನೂ ಹೆಸರು ಹಿಡಿದು ನೀನು ತಾನು ಎಂದೇ ಕರೆಯುತ್ತಾರೆ. ಅದರಿಂದ ಯಾರೂ ಯಜಮಾನನ ಸಮಕ್ಕೆ ಬಂದದ್ದಿಲ್ಲ.

"ಏನಪ್ಪಾ ವರ್ಲಿನ್, ಬಿಸಿಲಿಗೆ ಬಂದ್ಬಿಟ್ಟಿದೀಯ?"

"ಒಂದು ಸಹಿ ಬೇಕಿತ್ತು. ಜರ್ಮನಿಗೆ."

"ನನ್ ಸಹಿ ನಿನ್ ಹತ್ರಾನೇ ಇರುತ್ತಲ್ಲ."

ವರ್ಲಿನ್ ಪತ್ರದ ಸಾರಾಂಶ ಹೇಳಿದ. ರಸ್ ಗ್ರೀಸಿನ ಕೈಯನ್ನು ಚಡ್ಡಿಗೆ ಒರೆಸಿಕೊಂಡು, ಹಳೆಯ ಅರ್ಜಿಗಳ ನಕಲುಗಳನ್ನು ಒಂದೊಂದಾಗಿ ತಿರುವಿದ. ಅವನ ಮುಖದ ನಗು ಹಾಗೇ ಇತ್ತು, ಕಣ್ಣಿನಲ್ಲಿ ಇರಲಿಲ್ಲ.

"ನಾನು ಹಾಕು ಅಂದಿದ್ನಾ?"

"ಈಗ ತಾನೇ ಅಂದೆಯಲ್ಲ."

"ಅದು ತಮಾಷೆಗೆ."

"ಪಾರ್ಕಿಂಗ್‌ನಲ್ಲಿ ಅಂದಿದ್ದು?"

"ಯಾವ ಪಾರ್ಕಿಂಗ್?"

ನೀರು ಹಲಗೆಗೆ ಬಡಿಯುತ್ತಿತ್ತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎನ್ನುತ್ತಾರೆ. ಇಲ್ಲಿ ಪೂಜಾರಿಯ ಎದುರು ನಿಂತು, ಅವನ ಹೆಸರಿನಲ್ಲಿ ತಾನೇ ಹನ್ನೊಂದು ವರ್ಷ ಮಂತ್ರ ಹೇಳಿದ್ದೇನೆ ಎಂದು ಒಪ್ಪಿಕೊಳ್ಳಬೇಕಾಗಿತ್ತು. ವರ್ಲಿನ್‌ಗೆ ಮೈಯೆಲ್ಲ ಉರಿಯಿತು. ಅವನು ಗಡಿಯಾರ ನೋಡಿಕೊಂಡ.

"ರಸ್, ಒಂದೂವರೆ ಆಯ್ತು. ಮೂರೂವರೆಗೆ ಕೊರಿಯರ್."

"ಸರಿ ಕೊಡು, ನನ್ ಸಹಿ ಹಾಕ್ತೀನಿ. ನಿಜವಾದ್ದು."

"ಹೇಗಿದೆ ಅದು?"

ರಸ್ ಐಸ್ ಪೆಟ್ಟಿಗೆಯ ಮೇಲೆ ಒಂದು ಪೇಪರ್ ತಟ್ಟೆ ಮಗುಚಿಟ್ಟು ಗೀಚಿದ. ಒಂದು ಉದ್ದ ಗೆರೆ, ಕೊನೆಯಲ್ಲಿ ಒಂದು ಕೊಕ್ಕೆ.

"ಇದು ನಡೆಯಲ್ಲ" ಎಂದ ವರ್ಲಿನ್.

"ನನ್ ಸಹಿ ಕಣಯ್ಯಾ."

"ಇರಬಹುದು. ಅವರ ಹತ್ರ ಇರೋದು ಇದಲ್ಲ. ಇದನ್ನ ಕಳಿಸಿದ್ರೆ ಹನ್ನೊಂದು ವರ್ಷದ್ದೂ ಬಿಚ್ಚಿ ಕೂತ್ಕೋತಾರೆ. ಆಗ ಕೇಳೋದು ನನ್ನನ್ನಲ್ಲ, ನಿನ್ನನ್ನ."

ರಸ್ ಆ ತಟ್ಟೆಯನ್ನು ಪಕ್ಕಕ್ಕೆ ತಳ್ಳಿದ. ಆಮೇಲೆ ಇನ್ನೊಂದು ತಟ್ಟೆ ತೆಗೆದ. "ತೋರ್ಸು" ಎಂದ.

ಹಾಗೆ ಶುರುವಾಯಿತು. ವರ್ಲಿನ್ ಒಂದು ಸಲ ಬರೆದು ತೋರಿಸಿದ. ರಸ್ ನೋಡಿಕೊಂಡು ಬರೆದ. ಮೊದಲ ಅಕ್ಷರವೇ ಮಕಾಡೆ ಬಿತ್ತು. ಎರಡನೇ ತಟ್ಟೆ, ಮೂರನೇ ತಟ್ಟೆ. "ಇದೇನು ಹುಡುಗೀರ ಬರಹ" ಎಂದ ರಸ್. "ನಿಧಾನ" ಎಂದ ವರ್ಲಿನ್. ಆರನೇ ತಟ್ಟೆಗೆ ತಾಳ್ಮೆ ಕೆಟ್ಟು, ಹಿಂದಿನಿಂದ ಬಗ್ಗಿ ರಸ್‌ನ ಮುಷ್ಟಿಯನ್ನು ತನ್ನ ಕೈಯೊಳಗೆ ಹಿಡಿದು, ಮಗುವಿಗೆ ತಿದ್ದಿಸುವ ಹಾಗೆ ತಿದ್ದಿಸಿದ. ರಸ್‌ನ ಕೈ ದಪ್ಪಗೆ, ಬೆಚ್ಚಗಿತ್ತು. ಎರೆಹುಳದ ವಾಸನೆ ಬರುತ್ತಿತ್ತು. ಪಕ್ಕದ ದೋಣಿಯ ಮುದುಕನೊಬ್ಬ ಇಬ್ಬರನ್ನೂ ನೋಡಿ ಮುಖ ತಿರುಗಿಸಿಕೊಂಡ.

"ಇದನ್ನ ಎಲ್ಲಿ ಕಲಿತೆ?" ಎಂದ ರಸ್.

"ಇದು ನನ್ನ ಕೈಬರಹ."

"ನಿನ್ ಸಹೀನೂ ಹಿಂಗೇನಾ?"

ವರ್ಲಿನ್ ಯೋಚಿಸಿದ. ತನ್ನ ಹೆಸರನ್ನು ಅವನು ಬಿಡಿ ಅಕ್ಷರಗಳಲ್ಲಿ ಬರೆಯಲು ಶುರುಮಾಡಿ ಎಷ್ಟೋ ವರ್ಷವಾಗಿತ್ತು. ಯಾವಾಗ, ಯಾಕೆ ಎಂದು ನೆನಪಾಗಲಿಲ್ಲ. "ಇಲ್ಲ" ಎಂದ.

ಹನ್ನೆರಡನೇ ತಟ್ಟೆಯಲ್ಲಿ ಸಹಿ ಬಂತು. ಹದಿಮೂರರಲ್ಲೂ ಬಂತು. ರಸ್ ತಟ್ಟೆಯನ್ನು ದೂರ ಹಿಡಿದು ನೋಡಿ, "ಚೆನ್ನಾಗಿದೆ ಕಣೋ" ಎಂದ. ನಿಜವಾಗಿ ಮೆಚ್ಚಿದ್ದ. ಆ ಕ್ಷಣದಲ್ಲಿ ವರ್ಲಿನ್ ಫೈಲಿನಿಂದ ತನ್ನ ಹಾಳೆಯನ್ನು ತೆಗೆದ.

"ಇದೊಂದು ಮಾಡಿದ್ರೆ ಮುಂದಿನ ವರ್ಷ ಈ ರಾಮಾಯಣವೇ ಇರಲ್ಲ. ನಾನೇ ನನ್ ಹೆಸರಲ್ಲಿ..."

ರಸ್ ಓದಿದ. ಎರಡನೇ ಸಾಲಿನ ತನಕ ಓದಿದ.

"ವಕೀಲರನ್ನ ಕೇಳ್ಬೇಕು."

"ಎರಡು ಸಾಲಿನ ಕಾಗದ."

"ನೋಡೋಣ ಬಿಡು. ಮೊದ್ಲು ಇದು ಮುಗೀಲಿ." ಹಾಳೆಯನ್ನು ಮಡಿಚಿ ಅವನಿಗೇ ವಾಪಸು ಕೊಟ್ಟು, ಮತ್ತೆ ಕೇಳಿದ: "ಬ್ಯಾಂಕಲ್ಲೂ ಇದೇ ಸಹಿ ಹಾಕ್ಬೇಕಾ ಇನ್ಮೇಲೆ?"

"ಕಂಪನಿ ಕಾಗದ ಎಲ್ಲದಕ್ಕೂ ಇದೇ ಇದ್ರೆ ಒಳ್ಳೇದು. ಯಾರಾದ್ರೂ ಕೆದಕಿದ್ರೆ ಒಂದೇ ಥರ ಇರ್ಬೇಕು."

"ಸರಿ. ಇವತ್ತಿಂದ ಇದೇ" ಎಂದ ರಸ್, ಬಹಳ ಉದಾರವಾಗಿ.

ನೋಟರಿ ಅರ್ಲೀನ್ ಊರಿನ ಸಹಕಾರಿ ಬ್ಯಾಂಕಿನಲ್ಲಿ ಕೂರುತ್ತಿದ್ದಳು. ಎದುರಿಗೆ ತಟ್ಟೆಯಲ್ಲಿ ಅರ್ಧ ತಿಂದ ಸೌತೆಕಾಯಿ. ರಸ್‌ನ ಡ್ರೈವಿಂಗ್ ಲೈಸೆನ್ಸ್ ತೆಗೆದುಕೊಂಡಳು. ರಸ್ ಮೂರು ಸಲ ಸಹಿ ಮಾಡಿದ, ತುದಿನಾಲಗೆ ಕಚ್ಚಿಕೊಂಡು. ಮೂರೂ ಅಚ್ಚು ಹಾಕಿದಂತಿದ್ದವು.

"ಲೈಸೆನ್ಸಲ್ಲಿ ಬರೀ ಒಂದು ಗೆರೆ ಎಳೆದಿದೀರಲ್ಲ" ಎಂದಳು ಅರ್ಲೀನ್.

"ಅದು ಅವಸರದಲ್ಲಿ ಹಾಕಿದ್ದು. ಇದು ನನ್ ನಿಜವಾದ್ದು."

"ಮುಖ ನಿಮ್ದೇ ತಾನೆ. ನಂಗೆ ಅಷ್ಟು ಸಾಕು." ಅವಳು ಮುದ್ರೆ ಒತ್ತಿದಳು. "ಎಷ್ಟು ಚೆಂದದ ಅಕ್ಷರ. ಈಗ ಯಾರು ಹಿಂಗೆ ಬರೀತಾರೆ?"

"ಥ್ಯಾಂಕ್ಸ್" ಎಂದ ರಸ್.

ಅದು ನನ್ನದು ಎಂದು ವರ್ಲಿನ್‌ಗೆ ಕೂಗಬೇಕೆನಿಸಿತು. ಬಾಗಿಲ ಬಳಿ ಬೇರೆಯವರ ಕೋಟು ಹಿಡಿದು ನಿಂತವನಂತೆ ನಿಂತಿದ್ದ. ಲಕೋಟೆಯನ್ನು ಪಕ್ಕದ ಕೊರಿಯರ್ ಕೌಂಟರಿಗೆ ಕೊಟ್ಟು, ರಶೀದಿ ಹಿಡಿದು ಹೊರಗೆ ಬಂದಾಗ ಮೂರೂಕಾಲು. ಗೆದ್ದೆ ಎಂದು ಅನ್ನಿಸಬೇಕಿತ್ತು. ಅನ್ನಿಸಲಿಲ್ಲ. ಆದರೂ ಕಿಸೆಯಲ್ಲಿದ್ದ ತನ್ನ ಹಾಳೆಯನ್ನು ಮುಟ್ಟಿ ನೋಡಿಕೊಂಡ. ಈಗ ಕೇಳಬಹುದು.

ರಸ್ ತನ್ನ ಪಿಕಪ್ ಟ್ರಕ್ಕಿಗೆ ಒರಗಿ ನಿಂತಿದ್ದ. ಹೋಗಿರಲಿಲ್ಲ. ಅದೇ ವಿಚಿತ್ರವೆನಿಸಿತು.

"ವರ್ಲಿನ್, ಒಂದು ವಿಷಯ."

"ನಾನೂ ಅದೇ..."

"ಸೋಮವಾರವೇ ಹೇಳ್ಬೇಕಿತ್ತು. ಆಗ್ಲಿಲ್ಲ. ಇವತ್ತು ನೋಡಿದ್ರೆ ನೀನು ಈ ಜರ್ಮನಿ ಗಲಾಟೆ ತಂದೆ. ಮುಗೀಲಿ ಅಂತ ಸುಮ್ನಿದ್ದೆ." ರಸ್ ಸೀಟಿನ ಮೇಲಿಂದ ಒಂದು ಕಂದು ಲಕೋಟೆ ತೆಗೆದ. ಒಳಗಿನಿಂದ ಎರಡು ಹಾಳೆ, ಒಂದೇ ಪತ್ರದ ಎರಡು ಪ್ರತಿ. "ಶಿಕಾಗೋದವ್ರ ಜೊತೆ ಮಾತಾಯ್ತು. ಸೆಪ್ಟೆಂಬರ್ ತನಕ ಇರು. ಮೂರು ತಿಂಗಳ ಸಂಬಳ ಕಂಪನಿ ಜೊತೆಗೆ ಕೊಡುತ್ತೆ, ಅದು ಕಡಿಮೆ ಅಲ್ಲ."

ವರ್ಲಿನ್ ಓದಿದ. ಹುದ್ದೆಯನ್ನು ರದ್ದುಪಡಿಸಲಾಗಿದೆ. ಕೆಳಗೆ ರಸ್ಸೆಲ್ ಗುಂಥರ್ ಎಂದು ಅಚ್ಚಾಗಿತ್ತು. ಅದರ ಮೇಲೆ ಖಾಲಿ ಜಾಗ.

"ಸಹಿ ಇಲ್ಲ" ಎಂದ. ಬಾಯಿಗೆ ಬಂದದ್ದು ಅದೊಂದೇ ಮಾತು. ಹತ್ತೊಂಬತ್ತು ವರ್ಷದ ಅಭ್ಯಾಸ.

"ಅದಕ್ಕೇ ನಿಂತಿದ್ದೆ." ರಸ್ ಹಾಳೆಯನ್ನು ಬಾನೆಟ್ಟಿನ ಮೇಲೆ ಹರವಿ, ಪೆನ್ನಿನ ಮುಚ್ಚಳ ಬಾಯಲ್ಲಿ ಕಚ್ಚಿ ತೆಗೆದ. ಗೆರೆ ಎಳೆಯಲು ಹೋದ ಕೈ ತಡೆದು ನಿಂತಿತು. ನೆನಪಿಸಿಕೊಂಡು, ನಿಧಾನವಾಗಿ, ದುಂಡಗೆ ಬರೆಯತೊಡಗಿದ.

ವರ್ಲಿನ್ ನೋಡುತ್ತಿದ್ದ. ಸಿಟ್ಟು ಬಂತು. ಇವನ ಕೈಯಿಂದ ಪೆನ್ನು ಕಿತ್ತು ಎಸೆಯಬೇಕು, ಒಂದು ಮಾತು ಹೇಳಬೇಕು, ಹನ್ನೊಂದು ವರ್ಷಕ್ಕೆ ಒಂದೇ ಒಂದು ಮಾತು.

"ಹೊಟ್ಟೆ ಚಿಕ್ಕದಾಯ್ತು" ಎಂದ ವರ್ಲಿನ್.

"ಏನು?"

"ಆ ಅಕ್ಷರದ್ದು. ಇನ್ನೂ ಸ್ವಲ್ಪ ಅಗಲ ಬೇಕು."

"ಹೌದಲ್ಲ" ಎಂದು ರಸ್ ತಿದ್ದಿದ. ಆಮೇಲೆ ಬೆರಳು ಕೊಡವಿಕೊಂಡ. "ನನ್ ಕೈ ಸೋತುಹೋಯ್ತು ಮಾರಾಯ. ಇನ್ನೊಂದು ಪ್ರತಿಗೆ ನೀನೇ ಹಾಕಿಬಿಡ್ತೀಯಾ?"

ಪೆನ್ನು ಚಾಚಿಕೊಂಡೇ ಇತ್ತು. ಬಾನೆಟ್ಟು ಬಿಸಿಲಿಗೆ ಕಾದಿತ್ತು. ವರ್ಲಿನ್ ಬಗ್ಗಿ ಸಹಿ ಹಾಕಿದ. ಒಂದೇ ಉಸಿರಿಗೆ ಬಂತು.

ಸರೋವರದ ಕಡೆಯಿಂದ ಗಾಳಿ ಬೀಸಿ ಎರಡೂ ಹಾಳೆ ಎದ್ದವು. ರಸ್ ಅಂಗೈಯಿಂದ ಒತ್ತಿ ಹಿಡಿದು, ಎಳೆದು, ಪಕ್ಕಪಕ್ಕ ಇಟ್ಟ.

"ನಾನು ಹಾಕಿದ್ದು ನಿಂಗೆ ಕೊಡ್ಬೇಕು, ಅದು ಮರ್ಯಾದೆ" ಎಂದ. ಹಾಳೆಗಳ ಮೇಲೆ ಬಗ್ಗಿದ. ಒಮ್ಮೆ ಇದನ್ನು ನೋಡಿದ, ಒಮ್ಮೆ ಅದನ್ನು ನೋಡಿದ. "ನಂದು ಯಾವ್ದೋ ಇದ್ರಲ್ಲಿ?"

ವರ್ಲಿನ್ ಕನ್ನಡಕ ತೆಗೆದು ಒರೆಸಿ ಹಾಕಿಕೊಂಡ. ಎಡಗಡೆಯದನ್ನು ನೋಡಿದ. ಬಲಗಡೆಯದನ್ನು ನೋಡಿದ. ಮತ್ತೆ ಎಡಗಡೆಯದನ್ನು ನೋಡಿದ.