ಅಲುಗದ ಚುಕ್ಕಿ

ನಮ್ಮ ಕೋಣೆಗೆ ಕಿಟಕಿ ಇಲ್ಲ. ಬಾಗಿಲೂ ಇಲ್ಲ ಅನ್ನಿ. ಪಾಳಿ ಮುಗಿಯದೆ ಅದು ತೆರೆಯುವುದಿಲ್ಲ. ನಮ್ಮ ಫೋನುಗಳೆಲ್ಲ ಆಚೆಯ ಬೀರುವಿನಲ್ಲಿ, ಒಳಗಿರುವುದು ವೈರ್‌ಲೆಸ್ ಲೈನ್ ಒಂದೇ. ಅಂಥ ಡಬ್ಬಿಯೊಳಗೆ ಕೂತು ನಾನು ನನ್ನ ತಮ್ಮನನ್ನು ಹುಡುಕಬೇಕಾಗಿತ್ತು.

ಅವನಿದ್ದ ಸರಕು ದೋಣಿ ಪ್ರವಾಹಕ್ಕೆ ಹಗ್ಗ ಕಿತ್ತುಕೊಂಡು ಹೋಗಿತ್ತು. ಇಂಜಿನ್ ಕೆಟ್ಟಿತ್ತು. ಹೊಳೆಯ ಮೇಲೆ ಚಾಚಿದ ಕೈ ಕಾಣದಷ್ಟು ಮಂಜು. ನೋಡಬಲ್ಲದ್ದು ಮೇಲೆ ಹಾರುತ್ತಿದ್ದ ರೇಡಾರ್ ವಿಮಾನ ಒಂದೇ. ಅದು ಸಾಗುತ್ತಾ ಹಿಡಿದ ಸಾವಿರಾರು ಪ್ರತಿಧ್ವನಿಗಳನ್ನು ಸೇರಿಸಿ ಒಂದು ಚಿತ್ರ ಮಾಡುವುದು ನಮ್ಮ ಕೆಲಸ. ವಿಮಾನ ಕುಲುಕಿದರೆ ಚಿತ್ರ ಕಲಸಿಹೋಗುತ್ತದೆ. ಆಗ ಅಲುಗದ, ಚೆನ್ನಾಗಿ ಹೊಳೆಯುವ ಚುಕ್ಕಿಯೊಂದನ್ನು ತೋರಿಸಿಕೊಟ್ಟರೆ ಪ್ರೋಗ್ರಾಂ ಅದನ್ನು ನಂಬಿ ಕುಲುಕಾಟವನ್ನು ಕಳೆದುಹಾಕುತ್ತದೆ.

ನಾನು ರಕ್ಷಣಾ ದೋಣಿಯವನ ಜೊತೆ ಲೈನಿನಲ್ಲಿದ್ದಾಗ ಚುಕ್ಕಿ ಆರಿಸಿದವರು ನಮ್ಮ ಪಾಳಿಯ ಸಾಹೇಬರು. ಒಳ್ಳೆಯ ಮನುಷ್ಯ, ಅದೇ ತೊಂದರೆ.

"ನಿನ್ ತಮ್ಮನ ದೋಣಿ ಮೇಲೇ ಇಡ್ತೀನಮ್ಮ, ಅವನೇ ಚೆನ್ನಾಗಿ ಕಾಣ್ಲಿ," ಅಂದರು.

ಚೆನ್ನಾಗಿಯೇ ಕಂಡ. ದೋಣಿ ಮರಳ ದಿಬ್ಬದ ಪಕ್ಕ ಕಡೆದಿಟ್ಟ ಹಾಗೆ ನಿಂತಿತ್ತು. ಇದ್ದ ಒಂದೇ ಒಂದು ರಕ್ಷಣಾ ದೋಣಿಯನ್ನು ಸಾಹೇಬರು ಅಲ್ಲಿಗೆ ಕಳಿಸಿಬಿಟ್ಟರು.

ಆಮೇಲೆ ನನ್ನ ಕಣ್ಣು ಅದೇ ಚಿತ್ರದಲ್ಲಿದ್ದ ಸೇತುವೆಯ ಮೇಲೆ ಬಿತ್ತು. ಕಲ್ಲಿನ ಕಂಬಗಳು ನೀರಾದ ಹಿಟ್ಟಿನಂತೆ ಹರಡಿದ್ದವು.

"ಸಾರ್, ಸೇತುವೆ ಎಲ್ಲಾದ್ರೂ ಓಡತ್ತಾ?"

"ಏನಮ್ಮ?"

"ಓಡ್ತಿರೋದು ದೋಣಿ! ಅದು ನಿಂತಿದೆ ಅಂತ ನೀವು ಹೇಳಿಕೊಟ್ರಿ. ಪ್ರೋಗ್ರಾಂ ಅದರ ಓಟಾನೆಲ್ಲ ವಿಮಾನದ ಕುಲುಕು ಅಂದ್ಕೊಂಡು ಒರೆಸಿಬಿಡ್ತು!"

ನಾನು ಚುಕ್ಕಿಯನ್ನು ಸೇತುವೆ ಕಂಬಕ್ಕೆ ಬದಲಿಸಿದೆ. ದಡ, ಮನೆ, ಕಂಬ ಎಲ್ಲ ನೆಟ್ಟಗಾದವು. ದೋಣಿ ಮಾತ್ರ ಉದ್ದನೆಯ ಮಸುಕು ಗೆರೆಯಾಯಿತು. ಓಡುವ ವಸ್ತು ಇಂಥ ಚಿತ್ರದಲ್ಲಿ ತನ್ನ ಜಾಗ ಬಿಟ್ಟು ಪಕ್ಕದಲ್ಲೆಲ್ಲೋ ಕಾಣುತ್ತದೆ. ಲೆಕ್ಕ ಹಾಕಿ ಸರಿಸಿ ನೋಡಿದರೆ ಅದು ದಿಬ್ಬದ ಹತ್ತಿರ ಇರಲೇ ಇಲ್ಲ. ನಡುಹೊಳೆಯಲ್ಲಿ, ಅಡ್ಡಗಟ್ಟೆಯ ಕಡೆಗೆ ಹೋಗುತ್ತಿತ್ತು. ಅಡ್ಡಗಟ್ಟೆಯ ಆಚೆ ನೀರು ಬೀಳುವುದು ಬಂಡೆಗಳ ಮೇಲೆ.

"ತಿರುಗ್ಸಿ! ಕೆಳಗಡೆ ಹೋಗಿ, ಅಡ್ಡಗಟ್ಟೆ ಕಡೆ!" ಎಂದು ಲೈನಿನಲ್ಲಿ ಕಿರುಚಿದೆ.

"ಈಗ ತಾನೆ ದಿಬ್ಬ ಅಂದ್ರಲ್ಲಕ್ಕಾ?" ಅಂದ ರಕ್ಷಣಾ ದೋಣಿಯವನು.

"ತಪ್ಪಾಯ್ತಪ್ಪ, ನಿನ್ ಕಾಲಿಗೆ ಬೀಳ್ತೀನಿ, ತಿರುಗ್ಸು!"

ವಿಮಾನ ಮತ್ತೊಂದು ಸುತ್ತು ಬರುವವರೆಗೆ ಮಾಡಲು ಏನೂ ಇರಲಿಲ್ಲ. ಬಾಗಿಲು ಗುದ್ದಿದೆ. ತೆರೆದಿದ್ದರೂ ಎಲ್ಲಿಗೆಂದು ಓಡುತ್ತಿದ್ದೆ? ಸಾಹೇಬರು ನೀರು ತಂದುಕೊಟ್ಟರು, ಲೋಟ ತಳ್ಳಿದೆ. ಅವರ ಮೇಲೆ ಕೆಂಡದಂಥ ಕೋಪ. ಅವರು ಅಳುತ್ತಿದ್ದಾರಲ್ಲ ಎಂದು ಇನ್ನೂ ಕೋಪ.

ಎರಡನೆಯ ಚಿತ್ರಕ್ಕೆ ಚುಕ್ಕಿ ನಾನೇ ಇಟ್ಟೆ, ಸೇತುವೆ ಕಂಬದ ಮೇಲೆ. ರಕ್ಷಣಾ ದೋಣಿ ಗೆರೆಯಾಗಿ ಮೂಡಿತು. ಬರುತ್ತಿತ್ತು, ಆದರೆ ಇನ್ನೂ ಬಹಳ ಹಿಂದೆ. ಅಡ್ಡಗಟ್ಟೆಯ ಕೆಳಗೆ, ಬಂಡೆಗಳ ನಡುವೆ, ತಮ್ಮನ ದೋಣಿ ಇತ್ತು. ಒಂದು ಎಳೆಯೂ ಮಸುಕಿರಲಿಲ್ಲ.

ಕಲಸಿದ ಚಿತ್ರ ಕಂಡರೆ ಸಿಡಿಮಿಡಿಗೊಳ್ಳುವವಳು ನಾನು. ಪರದೆಯನ್ನು ಎರಡೂ ಕೈಯಲ್ಲಿ ಹಿಡಿದು ಜಗ್ಗಾಡಿದೆ.

"ಅಲುಗೋ," ಅಂದೆ. "ಒಂದ್ ಚೂರಾದ್ರೂ ಅಲುಗೋ, ತಮ್ಮಾ."