ಕುರ್ಚಿ ಎಳೆದ ಸದ್ದು

ಇಂಗ್ಲಿಷ್ ಭಾಷಾವಿಜ್ಞಾನದಲ್ಲಿ ಈಗಷ್ಟೇ ಕಣ್ಣು ಬಿಡುತ್ತಿರುವ ಸಂಶೋಧಕರಿಗೆಂದೇ ಇಟ್ಟ ಪ್ರಬಂಧ ಬಹುಮಾನವದು. ಗೆದ್ದರೆ ವಿಭಾಗದಲ್ಲಿ ಕಾಯಂ ಕೆಲಸ ಸಿಕ್ಕಿದಂತೆಯೇ ಎಂದು ಎಲ್ಲರೂ ಹೇಳುತ್ತಿದ್ದರು. ಚಿಕ್ಕಿಯ ಪ್ರಬಂಧ ಕೊನೆಯ ಸುತ್ತಿಗೆ ಬಂದಿತ್ತು. ಅಕ್ಕನ ಮಗಳು ಗುಬ್ಬಿ ಹಾಗೆ ಕರೆದೂ ಕರೆದೂ ಮನೆಯವರಿಗೆಲ್ಲ ಅವಳು ಚಿಕ್ಕಿಯೇ ಆಗಿಬಿಟ್ಟಿದ್ದಳು. ಗುತ್ತಿಗೆಯ ಮೇಲೆ ಪಾಠ ಹೇಳಿ ಗಂಟಲು ಕಟ್ಟಿಸಿಕೊಂಡಿದ್ದವಳಿಗೆ ಸುದ್ದಿ ಬಂದ ದಿನ ಕಾಲು ನೆಲದ ಮೇಲೆ ನಿಲ್ಲಲಿಲ್ಲ.

ಪ್ರಬಂಧದ ವಿಷಯ ಕೇಳಿದರೆ ನಿಮಗೆ ನಗು ಬಂದೀತು. ಪ್ರಶ್ನೆ ಕೇಳಿದ ಮೇಲೆ ಉತ್ತರ ಬರುವವರೆಗೆ ಜನ ಎಷ್ಟು ಹೊತ್ತು ಸುಮ್ಮನಿರುತ್ತಾರೆ ಎನ್ನುವುದು. ಇದಕ್ಕೆಲ್ಲ ಬಹುಮಾನವೇ ಎನ್ನಬೇಡಿ, ಕೊಡುತ್ತಾರೆ. ಅದಕ್ಕಾಗಿ ಅವಳು ಅಕ್ಕನ ಮನೆಯ ಊಟದ ಮೇಜಿನ ಮೇಲೆ ರೆಕಾರ್ಡರ್ ಇಟ್ಟು ಬಂದಿದ್ದಳು. ಆ ಮನೆಯಲ್ಲಿ ಊಟಕ್ಕೆ ಕೂತರೆ ಇಂಗ್ಲಿಷ್ ಮಾತ್ರ ಆಡಬೇಕು. ಮಗಳ ಭಾಷೆ ಸುಧಾರಿಸಲಿ ಎಂದು ಭಾವ ಮಾಡಿದ ಕಟ್ಟಳೆ. ಭಾವ ವಿಮಾ ಕಂಪನಿಯಲ್ಲಿ ಅಧಿಕಾರಿ, ನಗುಮುಖದ ಮನುಷ್ಯ, ಎದುರಿಗೆ ಸಿಕ್ಕವರನ್ನು ಮಾತಾಡಿಸದೆ ಮುಂದೆ ಹೋದವರಲ್ಲ.

“ಇಡಮ್ಮಾ, ಇಡು. ನಮ್ಮನೆ ಮಾತು ನಾಲ್ಕು ಜನ ಓದ್ತಾರೆ ಅಂದ್ರೆ ಬೇಡ ಅಂತೀನಾ?” ಎಂದು ತಾವೇ ಜಾಗ ತೋರಿಸಿದ್ದರು.

ರೆಕಾರ್ಡಿಂಗಿನಲ್ಲಿ ಭಾವ ಏನು ಕೇಳಿದರೂ ಅಕ್ಕ ತುಸು ತಡೆದು ಉತ್ತರ ಕೊಡುತ್ತಿದ್ದಳು. ಅದು ಮನಸ್ಸಿನಲ್ಲಿ ಇಂಗ್ಲಿಷ್ ಪದ ಹುಡುಕುವ ಹೊತ್ತು ಎಂದು ಚಿಕ್ಕಿ ಬರೆದಳು. ಆ ನಡುವೆ ಕೇಳುತ್ತಿದ್ದ ತಟ್ಟೆ, ಲೋಟ, ಕುರ್ಚಿಗಳ ಗಲಾಟೆಯನ್ನು ಕಂಪ್ಯೂಟರಿನಲ್ಲಿ ತೊಳೆದುಹಾಕಿದಳು. ಮೌನ ಚೊಕ್ಕಟವಾಗಿದ್ದರೆ ಅಳೆಯುವುದು ಸುಲಭ. ಈ ಕೆಲಸ ಮಾಡುವವರೆಲ್ಲ ಹಾಗೇ ಮಾಡುತ್ತಾರೆ.

ಕೊನೆಯ ಸುತ್ತಿನ ಹಿಂದಿನ ದಿನ ಬೆಳಿಗ್ಗೆ ತೀರ್ಪುಗಾರರ ಮೇಲ್ ಬಂತು. ಈಕೆ ಬೇರೆಯವರ ಜೊತೆ ಮಾತಾಡುವಾಗಲೂ ಹೀಗೆಯೇ ತಡೆಯುತ್ತಾರೆಯೇ ಎಂದು ನಾಳೆ ಕೇಳಲಿದ್ದೇವೆ, ತಯಾರಾಗಿ ಬನ್ನಿ ಎಂದಿತ್ತು.

ಇಷ್ಟೇ ತಾನೇ ಎಂದುಕೊಂಡು ಚಿಕ್ಕಿ ವಿಭಾಗದ ಲ್ಯಾಬಿನಲ್ಲಿ ಹೆಡ್‌ಫೋನ್ ಹಾಕಿ ಕೂತಳು. ಗುಬ್ಬಿ ಏನಾದರೂ ಕೇಳಿದರೆ ಅಕ್ಕನ ಇಂಗ್ಲಿಷ್ ಪಟಪಟನೆ ಉದುರುತ್ತಿತ್ತು. ಭಾವ ಊರಲ್ಲಿಲ್ಲದ ಒಂದು ದಿನ ಗುಬ್ಬಿಯ ಕ್ಲಾಸ್ ಟೀಚರ್ ಊಟಕ್ಕೆ ಬಂದಿದ್ದರು. ಅವರ ಮಾತು ಮುಗಿಯುವ ಮೊದಲೇ ಅಕ್ಕ ನಡುವೆ ಬಾಯಿ ಹಾಕಿ, ನಕ್ಕು, ಅವರನ್ನೂ ನಗಿಸುತ್ತಿದ್ದಳು. ಪದಕ್ಕಾಗಿ ತಡಕಾಡುವವಳ ಮಾತೇ ಅಲ್ಲ ಅದು. ಅಕ್ಕ ಇಷ್ಟು ಜೋರಾಗಿ ನಗುವುದನ್ನು ಕೇಳಿ ಎಷ್ಟು ಕಾಲವಾಯಿತು ಎಂದು ಚಿಕ್ಕಿಗೆ ನೆನಪಾಗಲಿಲ್ಲ.

ಆಮೇಲೆ ಅವಳು ತೊಳೆಯದ ಮೂಲ ರೆಕಾರ್ಡಿಂಗ್ ತೆರೆದಳು.

ಭಾವ ಮೆತ್ತಗೆ ಕೇಳುತ್ತಾರೆ: ಮಧ್ಯಾಹ್ನ ಫೋನಿನಲ್ಲಿ ಯಾರ ಹತ್ತಿರ ಮಾತಾಡಿದೆ? ಕರ್ರ್ ಎಂದು ಕುರ್ಚಿ ಎಳೆದ ಸದ್ದು. ಆಮೇಲೆ ಅಕ್ಕನ ಉತ್ತರ. ಇನ್ನೊಂದು ದಿನ, ಅದೇ ಮೆತ್ತನೆಯ ದನಿ: ಬರುವುದು ಯಾಕೆ ತಡವಾಯಿತು? ಕರ್ರ್. ಆಮೇಲೆ ಉತ್ತರ. ಎಲ್ಲ ದಿನವೂ ಹಾಗೇ. ರೆಕಾರ್ಡರಿಗೆ ಎರಡು ಮೈಕು, ಒಂದು ಭಾವನ ಕಡೆ, ಒಂದು ಅಕ್ಕನ ಕಡೆ; ಹೆಡ್‌ಫೋನಿನ ಒಂದೊಂದು ಕಿವಿಗೆ ಒಂದೊಂದು ಕಡೆಯ ಸದ್ದು. ಸದ್ದಿಗೆ ಮುಂಚೆ ಗುಬ್ಬಿಯ ಚಮಚ ಭಾವನ ಕಡೆಯ ಕಿವಿಯಲ್ಲಿ ಕೇಳುತ್ತಿತ್ತು. ಸದ್ದಾದ ಮೇಲೆ ಅಕ್ಕನ ದನಿಯ ಪಕ್ಕದಲ್ಲಿ. ಅಕ್ಕ ಪದ ಹುಡುಕುತ್ತಿರಲಿಲ್ಲ. ಬಾಯಿ ಬಿಡುವ ಮೊದಲು ಮಗುವನ್ನು ಕುರ್ಚಿಯ ಸಮೇತ ತನ್ನತ್ತ ಎಳೆದುಕೊಳ್ಳುತ್ತಿದ್ದಳು.

ಚಿಕ್ಕಿ ಹೆಡ್‌ಫೋನ್ ಕಿತ್ತು ಮೇಜಿನ ಮೇಲಿಟ್ಟಳು. ಅದೇ ಮೇಜಿನಲ್ಲಿ ಎಷ್ಟು ಸಲ ಉಂಡಿಲ್ಲ, ಭಾವನ ಚಟಾಕಿಗೆ ಹೊಟ್ಟೆ ಹಿಡಿದುಕೊಂಡು ನಕ್ಕಿಲ್ಲ! ಪದವಿಯ ಮೇಲೆ ಪದವಿ ಪಡೆದ ಈ ಮಹಾತಾಯಿಯ ಕಿವಿಗೆ ಆಗೆಲ್ಲ ಏನು ಬಡಿದಿತ್ತೋ. ಅಕ್ಕನಿಗೆ ಫೋನ್ ಮಾಡಲು ಕೈ ಹೋಯಿತು. ಮಧ್ಯಾಹ್ನ ಯಾರ ಹತ್ತಿರ ಮಾತಾಡಿದೆ ಎಂಬ ಪ್ರಶ್ನೆ ನೆನಪಾಗಿ ಕೈ ಹಿಂದಕ್ಕೆ ಬಂತು.

ಮರುದಿನ ಅಕ್ಕ, ಭಾವ, ಗುಬ್ಬಿ ಮೂವರೂ ಸಭಾಂಗಣಕ್ಕೆ ಬಂದರು. ನಾದಿನಿಯ ಭಾಷಣ ತಪ್ಪಿಸಿಕೊಳ್ಳುವ ಜಾಯಮಾನ ಭಾವನದಲ್ಲ. ಅವರು ಗುಬ್ಬಿಯನ್ನು ಕೂರಿಸಿಕೊಂಡು ಮುಂದಿನ ಸಾಲಿನ ಬಿಡಿ ಕುರ್ಚಿಗಳಲ್ಲಿ ಜಾಗ ಹಿಡಿದಾಗ, ಅಕ್ಕ ಕೈ ತೊಳೆಯಲು ಹೋದಳು. ಚಿಕ್ಕಿ ಹಿಂದೆಯೇ ಓಡಿದಳು.

“ಅಕ್ಕಾ, ಭಾವ ಏನಾದ್ರೂ ಕೇಳಿದ್ರೆ ಗುಬ್ಬಿ ಕುರ್ಚಿ ಯಾಕೆ ಎಳ್ಕೋತೀಯ?”

ಅಕ್ಕನ ಕೈ ನಲ್ಲಿಯ ಕೆಳಗೆ ಹಾಗೇ ನಿಂತಿತು. ನೀರು ಹರಿಯುತ್ತಲೇ ಇತ್ತು.

“ಯಾರಿಗೆ ಹೇಳಿದೀಯ?”

“ಯಾರಿಗೂ ಇಲ್ಲ. ನಿನ್ನ ಹೊಡೀತಾರಾ?”

“ನನ್ನ ಮುಟ್ಟಲ್ಲ.” ಅಕ್ಕ ಬಾಗಿಲ ಕಡೆ ನೋಡಿದಳು. “ನನ್ನ ಉತ್ತರ ಹಿಡಿಸ್ಲಿಲ್ಲ ಅಂದ್ರೆ ಕೈ ಅವಳ ಕಡೆ ಹೋಗುತ್ತೆ. ನೀನು ಬಾಯಿ ಬಿಡ್ಬೇಡ ಕಣೇ, ದಮ್ಮಯ್ಯ. ಏನ್ ಬರ್ದಿದೀಯೋ ಅದನ್ನೇ ಹೇಳು. ಅಕ್ಕಂಗೆ ಇಂಗ್ಲಿಷ್ ಬರಲ್ಲ ಅಂದ್ರೆ ಯಾರ ಗಂಟೂ ಹೋಗಲ್ಲ. ಸಾಯಂಕಾಲ ಆ ಮನೆಗೆ ವಾಪಸ್ ಹೋಗ್ಬೇಕಾದೋರು ನಾವು.”

ಚಿಕ್ಕಿ ವೇದಿಕೆ ಹತ್ತಿದಳು. ಓದಿದಳು, ಏನು ಓದಿದಳೋ ಅವಳಿಗೇ ತಿಳಿಯದು. ತೊಳೆದ ತುಣುಕುಗಳನ್ನು ಕೇಳಿಸಿದಳು. ಅಕ್ಕನಿಗೂ ತಮಗೂ ನಡುವೆ ಗುಬ್ಬಿಯನ್ನು ಕೂರಿಸಿಕೊಂಡಿದ್ದ ಭಾವ ಇನ್ನೊಂದು ಪಕ್ಕದವರ ಕಡೆ ಬಾಗಿ, ಇದು ನಮ್ಮನೆಯದೇ ಎಂದು ಹೆಮ್ಮೆಯಿಂದ ಪಿಸುಗುಟ್ಟುತ್ತಿದ್ದರು. ಬಹುಮಾನ ಬಂದರೆ ಸಾಕು ಎಂದು ತಿಂಗಳುಗಟ್ಟಲೆ ಜಪ ಮಾಡಿದವಳು, ಈಗ ಇದೊಂದು ಗಂಟೆ ಹೇಗಾದರೂ ಕಳೆದುಹೋದರೆ ಸಾಕು ಎಂದುಕೊಳ್ಳುತ್ತಿದ್ದಳು.

ತೀರ್ಪುಗಾರರಲ್ಲಿ ಹಿರಿಯರಾದ ಬಿಳಿಗೂದಲಿನ ಪ್ರಾಧ್ಯಾಪಕಿ ಕನ್ನಡಕ ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಆ ಪ್ರಶ್ನೆ ಕೇಳಿದರು. ಈಕೆ ಬೇರೆಯವರ ಜೊತೆಗೂ ಹೀಗೆಯೇ ತಡೆಯುತ್ತಾರೆಯೇ?

ಹೌದು, ಎಲ್ಲರ ಜೊತೆಗೂ. ಸುಳ್ಳು ನಾಲಿಗೆಯ ತುದಿಯಲ್ಲಿ ಸಿದ್ಧವಾಗಿತ್ತು, ಆದರೆ ನಾಲಿಗೆ ಹೊರಳಲಿಲ್ಲ. ಸಭೆ ಕಾಯುತ್ತಿತ್ತು. ಭಾವ ನಗುತ್ತಾ, ಹೇಳಮ್ಮಾ ಎನ್ನುವಂತೆ ತಲೆ ಆಡಿಸಿದರು.

ಮುಂದಿನ ಸಾಲಿನಲ್ಲಿ ಕರ್ರ್ ಎಂದು ಕುರ್ಚಿ ಎಳೆದ ಸದ್ದಾಯಿತು.

ಅಕ್ಕ ಗುಬ್ಬಿಯನ್ನು ಕುರ್ಚಿಯ ಸಮೇತ ತನ್ನತ್ತ ಎಳೆದುಕೊಂಡು ಎದ್ದು ನಿಂತಿದ್ದಳು. ಒಂದಿಷ್ಟೂ ತಡೆಯದೆ, ಅಚ್ಚುಕಟ್ಟಾದ ಇಂಗ್ಲಿಷಿನಲ್ಲಿ ಹೇಳಿದಳು:

“ಇಲ್ಲ. ಬೇರೆ ಯಾರ ಜೊತೆಗೂ ಇಲ್ಲ. ಇವರೊಬ್ಬರ ಜೊತೆ ಮಾತ್ರ.”

ಹಿರಿಯ ಪ್ರಾಧ್ಯಾಪಕಿ ಬರೆಯುತ್ತಿದ್ದ ಪೆನ್ನನ್ನು ಕೆಳಗಿಟ್ಟರು. ಚಿಕ್ಕಿ ಹಾಳೆಗಳನ್ನು ಅಲ್ಲೇ ಬಿಟ್ಟು, ಮೈಕಿನ ವೈರಿಗೆ ಎಡವಿ, ವೇದಿಕೆಯಿಂದ ಇಳಿದಳು. ಇಳಿದು ಏನು ಮಾಡಬೇಕೆಂದು ಅವಳಿಗೆ ತಿಳಿದಿರಲಿಲ್ಲ. ಅಕ್ಕನ ಕೈ ಹಿಡಿದಳು. ಮಗುವನ್ನು ಕರೆದುಕೊಂಡು ಹೊರಗೆ ಪಡಸಾಲೆಗೆ ಬಂದರು. ಬೆನ್ನ ಹಿಂದೆ ಮೈಕಿನಲ್ಲಿ ಮುಂದಿನ ಪ್ರಬಂಧಕಾರರನ್ನು ಕರೆಯುತ್ತಿದ್ದರು.

ಭಾವ ನಿಧಾನವಾಗಿ ಹಿಂದೆಯೇ ಬಂದರು. ಮುಖದ ನಗು ಹಾಗೇ ಇತ್ತು.

“ನಡೀರಿ, ಮನೆಗೆ ಹೋಗಿ ಮಾತಾಡೋಣ.”

“ಅಕ್ಕ, ಗುಬ್ಬಿ ನನ್ನ ಜೊತೆ ಬರ್ತಾರೆ ಭಾವ,” ಎಂದಳು ಚಿಕ್ಕಿ.

“ಹೌದಾ? ಎಷ್ಟು ದಿನಕ್ಕಮ್ಮಾ?”

ಹೆಡ್‌ಫೋನಿನಲ್ಲಿ ಕೇಳಿದ್ದ ಅದೇ ಮೆತ್ತನೆಯ ದನಿ. ಅಲ್ಲಿ ಎಳೆಯಲು ಕುರ್ಚಿಯೂ ಇರಲಿಲ್ಲ. ಚಿಕ್ಕಿ ಉತ್ತರಕ್ಕೆ ಬಾಯಿ ತೆರೆಯುವ ಮೊದಲೇ, ಯಾರೂ ಕರೆಯದೆ, ಯಾರೂ ಮುಟ್ಟದೆ, ಗುಬ್ಬಿ ತಾನಾಗಿಯೇ ಎರಡು ಹೆಜ್ಜೆ ಸರಿದು, ಅಪ್ಪನ ಕೈ ತಲುಪದ ಕಡೆ, ಅಮ್ಮನ ಆ ಬದಿಗೆ ಹೋಗಿ ನಿಂತಳು.